ಮನೆ ಲೇತ್‌ನಲ್ಲಿ ಮಾಡಿದ ಬೀಡ್ ರೋಲರ್ ಡೈ: ಸುತ್ತಿಗೊಂದು ಸಲ ತಗಡು ಕಚ್ಚುತ್ತಿದೆ, ಅಂಚು ಹರಿಯುತ್ತಿದೆ

ಮಲೆನಾಡಜೀಪ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಹಳೇ ಜೀಪಿನ ಫ್ಲೋರ್ ತಗಡು ಪೂರ್ತಿ ತುಕ್ಕು ತಿಂದು ಹೋಗಿದೆ. ಹೊಸದಾಗಿ ಹಾಕೋಕೆ 18 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತಂದಿದ್ದೀನಿ. ಚಪ್ಪಟೆ ತಗಡನ್ನ ಹಾಗೇ ಕೂರಿಸಿದ್ರೆ ಗಾಡಿ ಓಡುವಾಗ ಡಬಡಬ ಅನ್ನುತ್ತೆ. ಹಳೇ ಫ್ಲೋರಿನಲ್ಲಿದ್ದ ಹಾಗೆ ಉದ್ದುದ್ದ ಉಬ್ಬುಗೆರೆ ಎಳೆಯಲೇಬೇಕು. ಎರಡು ರೋಲರಿನ ನಡುವೆ ತಗಡು ಓಡಿಸಿ ಈ ಉಬ್ಬುಗೆರೆ (ಬೀಡ್) ಎಳೆಯೋ ರೆಡಿಮೇಡ್ ಬೀಡ್ ರೋಲರ್ ಬೆಲೆ ಕೇಳಿ ವಾಪಸ್ ಬಂದೆ. ಮನೇಲಿ ಸೆಕೆಂಡ್ ಹ್ಯಾಂಡ್ ನಾಲ್ಕೂವರೆ ಅಡಿ ಲೇತ್ ಇದೆ, ನಾನೇ ಮಾಡ್ಕೊಳ್ಳೋಣ ಅಂತ ಕೂತೆ.

ಫ್ರೇಮ್ 12 ಮಿ.ಮೀ ಪ್ಲೇಟಿನದು. ಮೇಲೊಂದು ಕೆಳಗೊಂದು 22 ಮಿ.ಮೀ ಶಾಫ್ಟ್, ಎರಡಕ್ಕೂ 20 ಹಲ್ಲಿನ ಒಂದೇ ಅಳತೆಯ ಗೇರ್, ಕೈಯಲ್ಲಿ ತಿರುಗಿಸೋ ಹ್ಯಾಂಡಲ್. ಗುಜರಿಯಲ್ಲಿ 65 ಮಿ.ಮೀ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ತುಂಡು ಸಿಕ್ತು, ಕೆ.ಜಿ. ಲೆಕ್ಕ. 30 ಮಿ.ಮೀ ಉದ್ದದ ಒಂದು ತುಂಡು ಮುಕ್ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಗುತ್ತೆ, ಹಾಗಾಗಿ ಸಾಮಾನಿನ ಖರ್ಚು ಏನೂ ಇಲ್ಲ ಅನ್ನಬಹುದು.

ಡೈ ಅಂದ್ರೆ ಈ ರೋಲರ್ ಜೋಡಿ. ಗಂಡು ರೋಲರ್ (ಉಬ್ಬು ಒತ್ತೋ ಮೂಗು ಇರೋದು): ಮೈ 54 ಡಯಾ, ಮೂಗಿನ ತುದಿ 64, ಮೂಗಿನ ದುಂಡು 5 ಮಿ.ಮೀ ರೇಡಿಯಸ್, ಅಂದ್ರೆ ಅಗಲ 10. ಹೆಣ್ಣು ರೋಲರ್ (ಮೂಗು ಇಳಿಯೋ ಕಾಲುವೆ ಇರೋದು): ಮೈ 64, ಕಾಲುವೆ ಅಗಲ 12. ಬೋರ್‌ಗೆ (ಶಾಫ್ಟ್ ಕೂರೋ ತೂತಿಗೆ) 22ರ ಡ್ರಿಲ್ ನೇರವಾಗಿ ಹೊಡೆದೆ. ಒಂದೊಂದಕ್ಕೂ ಶಾಫ್ಟಿಗೆ ಬಿಗಿಯೋಕೆ ಒಂದು ಎಂ8 ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ). ಮೂಗು, ಕಾಲುವೆ ಎರಡನ್ನೂ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟನ್ನ ಬೇಕಾದ ಆಕಾರಕ್ಕೆ ಉಜ್ಜಿ ಮಾಡಿದ ಫಾರ್ಮ್ ಟೂಲಿನಲ್ಲಿ, 280 ಆರ್‌ಪಿಎಮ್‌ನಲ್ಲಿ ಇಳಿಸಿದೆ. ಲೇತ್ ಜೋರಾಗಿ ಕಿರುಚಿತು, ಆದ್ರೂ ಆಕಾರ ಬಂತು.

ಈಗ ತಗಡು ಹಾಕಿದ್ರೆ ಉಬ್ಬು ಒಂದೇ ಸಮ ಬರ್ತಾ ಇಲ್ಲ. ಸ್ವಲ್ಪ ದೂರ ಆಳ, ಆಮೇಲೆ ತೇಲಿಕೆ, ಮತ್ತೆ ಆಳ. ಆಳ ಆದ ಜಾಗದಲ್ಲಿ ಹ್ಯಾಂಡಲ್ ಬಿಗಿಯಾಗುತ್ತೆ. ಉಬ್ಬಿನ ಮೇಲೆಲ್ಲ ಸಣ್ಣ ಸಣ್ಣ ಅಡ್ಡಗೆರೆ. ನಿನ್ನೆ ಒಂದು ಕಡೆ ಉಬ್ಬಿನ ಬುಡದಲ್ಲಿ ತಗಡು ಹರಿದೇ ಹೋಯ್ತು. ಎರಡು ಭಾನುವಾರದ ಕೆಲಸ ಇದು. ಎಲ್ಲಿ ತಪ್ಪಿದೆ ಹೇಳ್ತೀರಾ?

ಸ್ಕೂಟರ್ಮಂಡ್ಯ

ಅಣ್ಣ, ಮೇಲಿನ ಸ್ಕ್ರೂ ಇನ್ನೊಂದು ಸುತ್ತು ಟೈಟ್ ಮಾಡಿ, ತಗಡಿಗೆ ಸ್ವಲ್ಪ ಆಯಿಲ್ ಸವರಿ ನೋಡಿ. ನಾನು ಸ್ಕೂಟರ್ ಪ್ಯಾನಲ್‌ಗೆ ಹಾಗೇ ಮಾಡಿದ್ದು. ತೇಲಿಕೆ ಇದ್ದ ಜಾಗವೂ ಆಳ ಆಯ್ತು.

ಹಳೇಟರ್ನರ್, ಪೀಣ್ಯ

ಆಯಿಲ್ ಸವರೋದು ಒಳ್ಳೇದೇ. ಆದ್ರೆ ಟೈಟ್ ಮಾಡೋದು ಮಾತ್ರ ಈಗ ಬೇಡ. ಸ್ಕೂಟರಿನ ತೆಳು ತಗಡಿಗೆ ನಡೆದಿರಬಹುದು. ಇಲ್ಲಿ 18 ಗೇಜು ಆಗಲೇ ಹರಿಯೋ ಹಂತಕ್ಕೆ ಬಂದಿದೆ. ಇನ್ನೂ ಬಿಗಿ ಮಾಡಿದ್ರೆ ಕಚ್ಚೋ ಜಾಗ ಜಾಸ್ತಿ ಕಚ್ಚುತ್ತೆ, ಫ್ರೇಮು ಬಾಯಿ ಬಿಡುತ್ತೆ, ಅಷ್ಟೇ.

ಮಲೆನಾಡಜೀಪ್ ಅವರೇ, ಏನೂ ಬಿಚ್ಚಬೇಡಿ. ಮೊದಲು ಕೆಟ್ಟಿರೋ ಆ ತಗಡನ್ನೇ ಟೇಬಲ್ ಮೇಲಿಟ್ಟು ಸ್ಕೇಲ್ ತಗೊಳ್ಳಿ. ಒಂದು ಆಳದಿಂದ ಇನ್ನೊಂದು ಆಳಕ್ಕೆ ಎಷ್ಟು ದೂರ ಅಂತ ಅಳೀರಿ. ರೋಲರ್ ತಪ್ಪು ಎಲ್ಲಿದೆ ಅನ್ನೋದನ್ನ ತಗಡಿಗಿಂತ ಚೆನ್ನಾಗಿ ಯಾರೂ ಹೇಳಲ್ಲ.

ನಿಮ್ಮ ಎರಡು ಶಾಫ್ಟಿನ ನಡುವಿನ ದೂರ ಸುಮಾರು 60 ಮಿ.ಮೀ ಇರಬೇಕು. ಅಂದ್ರೆ ಹ್ಯಾಂಡಲ್ ಒಂದು ಸುತ್ತು ಬಂದ್ರೆ ತಗಡು ಹೆಚ್ಚು ಕಮ್ಮಿ 190 ಮಿ.ಮೀ ಮುಂದೆ ಹೋಗುತ್ತೆ. ಆಳ 190ಕ್ಕೊಮ್ಮೆ ಬರ್ತಾ ಇದ್ರೆ ಅದು ಸುತ್ತಿಗೊಂದು ಸಲ ಆಗೋ ತಪ್ಪು: ರೋಲರೋ ಶಾಫ್ಟೋ ಔಟ್ ಇದೆ, ಸೆಂಟರಿನಲ್ಲಿ ತಿರುಗ್ತಿಲ್ಲ. ಒಂಬತ್ತು, ಒಂಬತ್ತೂವರೆ ಮಿ.ಮೀ.ಗೊಮ್ಮೆ ಗುರುತು ಇದ್ರೆ 190ನ್ನ 20 ಹಲ್ಲಿಗೆ ಹಂಚಿದ ಲೆಕ್ಕ ಅದು, ಗೇರ್ ಕಡೆ ನೋಡಬೇಕು. ಅದಕ್ಕಿಂತ ಸಣ್ಣ, ಎರಡು ಮೂರು ಮಿ.ಮೀ.ಗೊಂದು ಅಡ್ಡಗೆರೆ ಅಂದ್ರೆ ಲೇತ್‌ನಲ್ಲಿ ಚಾಟರ್ (ಟೂಲು ನಡುಗೋದು) ಆದ ಗುರುತು ರೋಲರಿನಿಂದ ತಗಡಿಗೆ ಅಚ್ಚಾಗ್ತಿದೆ ಅಂತ.

ಅಳೆದ ಮೇಲೆ ಇನ್ನೊಂದು ಕೆಲಸ. ಎರಡೂ ರೋಲರಿನ ಮೇಲೆ ಅಡ್ಡಲಾಗಿ ಮಾರ್ಕರ್ ಗೆರೆ ಎಳೆದು ಮತ್ತೊಂದು ತುಂಡು ತಗಡು ಓಡಿಸಿ, ಗೆರೆಯ ಯಾವ ಕಡೆ ಕಚ್ಚುತ್ತೆ ನೋಡ್ಕೊಳ್ಳಿ. ಆಮೇಲೆ ಗಂಡು ರೋಲರನ್ನ ಮಾತ್ರ ಸಡಿಲಿಸಿ ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ ಬಿಗಿದು ಓಡಿಸಿ. ಹರಿದ ಜಾಗದ ಹತ್ತಿರ ಉಬ್ಬನ್ನ ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು, ಬರ್ ತೆಗೆದು, ಎರಡು ಪಕ್ಕದ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ವರ್ನಿಯರ್‌ನಲ್ಲಿ ನೋಡಿ. ಬೋರು, ಶಾಫ್ಟು ಎರಡರ ಅಳತೆಯೂ ಬೇಕು.

ಮಲೆನಾಡಜೀಪ್, ಸಕಲೇಶಪುರ

ಸರ್, ಎಲ್ಲ ಅಳೆದೆ.

ಆಳದಿಂದ ಆಳಕ್ಕೆ 188, 191, 189. ನೀವು ಹೇಳಿದ ಹಾಗೇ. ಅಡ್ಡಗೆರೆಗಳು ಹತ್ತು ಎಣಿಸಿದೆ, 30 ಮಿ.ಮೀ.ಗಿಂತ ಒಂದು ಕೂದಲು ಕಮ್ಮಿ.

ಶಾಫ್ಟ್ 21.96. ಗಂಡು ರೋಲರ್ ಬೋರ್ 22.30, ಹೆಣ್ಣು ರೋಲರ್ 22.18. 22ರ ಡ್ರಿಲ್ಲೇ ಹಾಕಿದ್ದು, ಯಾಕೆ ಇಷ್ಟು ದೊಡ್ಡದಾಯ್ತೋ ಗೊತ್ತಾಗ್ಲಿಲ್ಲ. ಡಯಲ್ ಗೇಜ್ ಇಟ್ಟು, ತಿರುಗಿಸಿದ್ರೆ ಎಷ್ಟು ಓಲಾಡುತ್ತೆ ಅಂತ ನೋಡಿದೆ. ಖಾಲಿ ಶಾಫ್ಟ್ ಎರಡೂ 0.03 ಒಳಗಿದೆ. ರೋಲರ್ ಬಿಗಿದ ಮೇಲೆ ಗಂಡು ಮೂಗಿನ ಮೇಲೆ 0.35 ಮಿ.ಮೀ ಓಡುತ್ತೆ, ಹೆಣ್ಣಿನ ಮೇಲೆ 0.20. ಕಚ್ಚೋ ಜಾಗ ಸರಿಯಾಗಿ ಗ್ರಬ್ ಸ್ಕ್ರೂ ಇರೋ ಕಡೆಯೇ. ಅರ್ಧ ಸುತ್ತು ತಿರುಗಿಸಿದಾಗ ಕಚ್ಚೋ ಜಾಗವೂ ರೋಲರಿನ ಜೊತೆಗೇ ತಿರುಗಿತು.

ಉಬ್ಬು ಕೊಯ್ದು ನೋಡಿದ್ದು ನಿಜಕ್ಕೂ ಆಶ್ಚರ್ಯ ಆಯ್ತು. ನೆತ್ತಿಯಲ್ಲಿ ತಗಡು 1.14 ಇದೆ. ಒಂದು ಪಕ್ಕ 1.16. ಇನ್ನೊಂದು ಪಕ್ಕ, ಹರಿದ ಕಡೆ, ಬರೀ 0.82. ಕೊಯ್ದ ಅಂಚನ್ನ ಬೆಳಕಿಗೆ ಹಿಡಿದ್ರೆ ಆ ಪಕ್ಕ ಬೆಳ್ಳಿ ಹಾಗೆ ಹೊಳೀತಾ ಇದೆ, ಉಜ್ಜಿ ತೆಗೆದ ಹಾಗೆ.

ಹಳೇಟರ್ನರ್, ಪೀಣ್ಯ

ಚೆನ್ನಾಗಿ ಅಳೆದಿದ್ದೀರಿ. ಮೂರು ಬೇರೆ ಬೇರೆ ತಪ್ಪು ಒಂದೇ ತಗಡಿನ ಮೇಲೆ ಬಂದಿವೆ. ರೋಲರ್ ಎರಡೂ ಉಳಿಯುತ್ತೆ, ಎಸೆಯಬೇಡಿ.

ಮೊದಲನೇದು ಬೋರು. ಟ್ವಿಸ್ಟ್ ಡ್ರಿಲ್ ಸಾಮಾನ್ಯವಾಗಿ ತನ್ನ ಅಳತೆಗಿಂತ ದೊಡ್ಡ ತೂತೇ ಮಾಡುತ್ತೆ. ಎರಡು ತುಟಿ ಒಂದೇ ಸಮ ಉಜ್ಜಿರದಿದ್ರೆ ಇನ್ನೂ ದೊಡ್ಡದು. ನಿಮ್ಮದರಲ್ಲಿ 0.34 ಸಡಿಲ ಇದೆ. ಗ್ರಬ್ ಸ್ಕ್ರೂ ಬಿಗಿದ ತಕ್ಷಣ ಅದು ಶಾಫ್ಟನ್ನ ಬೋರಿನ ಎದುರು ಗೋಡೆಗೆ ಒತ್ತುತ್ತೆ, ರೋಲರ್ ಸೆಂಟರಿನಿಂದ ಸಡಿಲದ ಅರ್ಧದಷ್ಟು, ಅಂದ್ರೆ 0.17, ಪಕ್ಕಕ್ಕೆ ಹೋಗುತ್ತೆ. ಡಯಲ್ ಎರಡರಷ್ಟು ತೋರಿಸುತ್ತೆ, 0.34. ನೀವು ಓದಿದ್ದು 0.35. ಲೆಕ್ಕ ಕೂಡಿತು. ಲೇತ್ ಮೇಲೆ ರೋಲರ್ ದುಂಡಗೇ ಇತ್ತು. ಸ್ಕ್ರೂ ಅದನ್ನ ಔಟ್ ಮಾಡಿತು. ಇನ್ನೊಂದು ಸ್ಕ್ರೂ ಜಾಸ್ತಿ ಹಾಕಿದ್ರೆ ಇದು ಸರಿ ಹೋಗಲ್ಲ. ಬೋರು ಶಾಫ್ಟಿಗೆ ಕೈಯಲ್ಲಿ ತಳ್ಳಿದ್ರೆ ಜಾರೋ ಹಾಗೆ, ಆದ್ರೆ ಅಲ್ಲಾಡದ ಹಾಗೆ ಇರಬೇಕು. 0.02 ಸಡಿಲ ಸಾಕು.

ಹೀಗೆ ಮಾಡಿ. ರೋಲರನ್ನ ಚಕ್‌ನಲ್ಲಿ ಹಿಡಿದು ಬೋರಿಂಗ್ ಬಾರ್‌ನಿಂದ 28ಕ್ಕೆ ತೆರೀರಿ. ಬಾರ್ ಹೊರಗೆ ಚಾಚಿರೋದು ಅದರ ದಪ್ಪದ ನಾಲ್ಕರಷ್ಟು ಮೀರಬಾರದು. 28ಕ್ಕಿಂತ 0.02 ದಪ್ಪ ಇರೋ ಎಂಎಸ್ ಬುಷ್ (ಕೊಳವೆ) ಮಾಡಿ, ಒಳಗೆ 20ರ ತೂತು ಬಿಟ್ಟು, ವೈಸ್‌ನಲ್ಲಿ ಒತ್ತಿ ಕೂರಿಸಿ. ಆಮೇಲೆ (ನಾಲ್ಕೂ ಹಲ್ಲು ಬೇರೆ ಬೇರೆ ಸರಿಸಬಹುದಾದ) ಫೋರ್ ಜಾ ಚಕ್‌ಗೆ ಹಾಕಿ ಮೂಗಿನ ಮೇಲೆ ಡಯಲ್ ಇಟ್ಟು ಸೊನ್ನೆಗೆ ತಂದು, ಬುಷ್ಷನ್ನ ಬೋರ್ ಮಾಡಿ 21.98ಕ್ಕೆ ನಿಲ್ಲಿಸಿ. ಕೊನೇ ಮೂರು ಪಾಸು 0.05ರ ಹಾಗೆ, ಕೊನೇದನ್ನ ಆಳ ಬದಲಿಸದೆ ಎರಡು ಸಲ ಓಡಿಸಿ. ಬಾರ್ ಬಾಗಿ ಬಿಟ್ಟದ್ದನ್ನ ಎರಡನೇ ಓಟ ತೆಗೆಯುತ್ತೆ. ಪ್ರತಿ ಪಾಸಿಗೂ ಶಾಫ್ಟಿನ ತುಂಡನ್ನೇ ಗೇಜಿನ ಹಾಗೆ ತೂರಿಸಿ ನೋಡಿ. ಗ್ರಬ್ ಸ್ಕ್ರೂ ತೂತನ್ನ ಬುಷ್ಷಿಗೂ ಇಳಿಸಿ ಟ್ಯಾಪ್ ಮಾಡಿ, ಶಾಫ್ಟಿನ ಮೇಲೆ ಸ್ಕ್ರೂ ಕೂರೋ ಕಡೆ ಫೈಲಿನಲ್ಲಿ ಚಪ್ಪಟೆ ಮಾಡ್ಕೊಳ್ಳಿ.

ಎರಡನೇದು ಕಾಲುವೆ. 18 ಗೇಜು ಅಂದ್ರೆ 1.22 ಮಿ.ಮೀ. ಮೂಗು 10, ಅದರ ಎರಡೂ ಕಡೆ ಒಂದೊಂದು ತಗಡು ಹೋಗಬೇಕು: 10, 1.22, 1.22, ಒಟ್ಟು 12.44. ನೀವು ಬಿಟ್ಟದ್ದು 12. ಪಕ್ಕಕ್ಕೆ ಒಂದೊಂದು ಮಿ.ಮೀ ಜಾಗ, ಅದರಲ್ಲಿ 1.22ರ ತಗಡು ಹಿಂಡಿಸಿಕೊಂಡು ಹೋಗ್ತಿದೆ. ಬೆಳ್ಳಿ ಹೊಳಪು ಅದರದೇ. ನಿಮ್ಮ ಎರಡು ಗೋಡೆ ಕೂಡಿ ನೋಡಿ, 0.82 ಮತ್ತು 1.16, ಸುಮಾರು 2 ಮಿ.ಮೀ. ಇರೋ ಜಾಗ ಅಷ್ಟೇ, ತಗಡು ಅಷ್ಟಕ್ಕೇ ಇಳಿದಿದೆ. ಕಾಲುವೆಯನ್ನ 12.7ಕ್ಕೆ ಅಗಲಿಸಿ, ತಳದ ದುಂಡನ್ನೂ ಅದೇ ಲೆಕ್ಕಕ್ಕೆ 6.3ರ ಆಸುಪಾಸಿಗೆ ತನ್ನಿ. ಗೇಜಿಗೆ ಏನೂ ಕೊಳ್ಳಬೇಕಿಲ್ಲ, 12.5 ಡ್ರಿಲ್ಲಿನ ಶ್ಯಾಂಕಿಗೆ ಮಾರ್ಕಿಂಗ್ ಬ್ಲೂ ಸವರಿ ಕಾಲುವೆಯಲ್ಲಿ ಮಲಗಿಸಿ ಉಜ್ಜಿದ್ರೆ ಎಲ್ಲಿ ತಾಗುತ್ತೆ ಅಂತ ಕಾಣುತ್ತೆ. ಕಾಲುವೆಯ ಬಾಯಿಯ ಎರಡು ಅಂಚನ್ನ ಚೂಪಾಗಿ ಬಿಟ್ಟಿದ್ದೀರಿ ಅನ್ಸುತ್ತೆ. ಅಲ್ಲಿ 1 ಮಿ.ಮೀ ದುಂಡು ಮಾಡಲೇಬೇಕು. ಹರಿಯೋದು ಆ ಅಂಚಿನಿಂದಲೇ ಶುರು.

ಒಂದು ಪಕ್ಕ ಮಾತ್ರ ಜಾಸ್ತಿ ಸವೆದಿದ್ದಕ್ಕೆ ಕಾರಣ, ಗಂಡು ಹೆಣ್ಣು ಎದುರು ಬದರು ಸರಿಯಾಗಿ ಕೂತಿಲ್ಲ. ಶಾಫ್ಟಿನ ಭುಜಕ್ಕೂ ರೋಲರಿಗೂ ನಡುವೆ 0.2ರ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಸರಿಸಿ.

ಮೂರನೇದು ಚಾಟರ್. 64 ಡಯಾದ ಮೇಲೆ 280 ಆರ್‌ಪಿಎಮ್ ಅಂದ್ರೆ ನಿಮಿಷಕ್ಕೆ 56 ಮೀಟರ್. ಎಂಎಸ್ ಮೇಲೆ ಎಚ್‌ಎಸ್‌ಎಸ್‌ಗೆ ಸಾದಾ ಟರ್ನಿಂಗಿಗೇ 25 ಸಾಕು. ಫಾರ್ಮ್ ಟೂಲ್ 10 ಮಿ.ಮೀ ಅಗಲಕ್ಕೆ ಒಂದೇ ಸಲ ಕಚ್ಚುತ್ತೆ, ಅದಕ್ಕೆ ಅದರ ಅರ್ಧಕ್ಕೂ ಕಮ್ಮಿ ಕೊಡಿ. ಬ್ಯಾಕ್ ಗೇರ್ (ವೇಗ ಇಳಿಸೋ ಗೇರ್) ಹಾಕಿ 60 ಆರ್‌ಪಿಎಮ್‌ಗೆ ತನ್ನಿ. ಮೂಗಿನ ಸುತ್ತಳತೆ 201, ಗೆರೆ ಮೂರು ಮಿ.ಮೀ.ಗೊಂದು, ಸುತ್ತಿಗೆ 67 ಅಲೆ. 280ರಲ್ಲಿ ಅದು ಸೆಕೆಂಡಿಗೆ ಸುಮಾರು 310 ಸಲ ನಡುಗಿದ ಹಾಗೆ. ನಿಮಗೆ ಕೇಳಿದ ಕಿರುಚಾಟ ಅದೇ.

ವೇಗ ಒಂದೇ ಸಾಲದು. ಆಕಾರವನ್ನ ಫಾರ್ಮ್ ಟೂಲಿನಿಂದಲೇ ಕೆತ್ತಬೇಡಿ. ಮೊದಲು ಸಾದಾ ಟೂಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಫಾರ್ಮ್ ಟೂಲಿಗೆ ಮೆಟ್ಟಿಲಿನ ಮೂಲೆ ಮಾತ್ರ ಬಿಡಿ. 5 ಮಿ.ಮೀ ರೇಡಿಯಸ್ಸಿಗೆ ಲೆಕ್ಕ ಸುಲಭ. ಮೂಗಿನ ನಡುವಿನಿಂದ 1 ಮಿ.ಮೀ ಆಚೆ ಇಳಿತ 0.1, 2ರಲ್ಲಿ 0.42, 3ರಲ್ಲಿ ಸರಿಯಾಗಿ 1, 4ರಲ್ಲಿ ಸರಿಯಾಗಿ 2, 5ರಲ್ಲಿ 5. ಡಯಾ ಲೆಕ್ಕದಲ್ಲಿ ಅದರ ಎರಡರಷ್ಟು: 63.8, 63.16, 62, 60, 54. ಪ್ರತಿ ಮೆಟ್ಟಿಲಲ್ಲೂ 0.2 ಜಾಸ್ತಿ ಬಿಟ್ಟು ನಿಲ್ಲಿಸಿ. ಆಕಾರ ನೋಡೋಕೆ ತೆಳು ತಗಡಿಗೆ 10ರ ತೂತು ಹೊಡೆದು ನಡುವೆ ಕೊಯ್ದ್ರೆ ಟೆಂಪ್ಲೇಟ್ ಆಯ್ತು.

ಟೂಲು ಪೋಸ್ಟಿನಿಂದ ಎಷ್ಟು ಕಮ್ಮಿ ಹೊರಗಿರುತ್ತೋ ಅಷ್ಟು ಒಳ್ಳೇದು. ತುದಿ ಸರಿಯಾಗಿ ಸೆಂಟರ್ ಹೈಟಿಗೆ ಇರಲಿ. ಕ್ಯಾರೇಜ್ ಲಾಕ್ ಮಾಡಿ. ಕಾಂಪೌಂಡ್ ಸ್ಲೈಡಿನ ಜಿಬ್ಬನ್ನ (ಸಡಿಲ ತೆಗೆಯೋ ಪಟ್ಟಿ) ಹ್ಯಾಂಡಲ್ ಕೈಗೆ ಸ್ವಲ್ಪ ಭಾರ ಅನ್ಸೋವರೆಗೂ ಬಿಗೀರಿ. ಕಟಿಂಗ್ ಆಯಿಲ್ ಧಾರಾಳವಾಗಿ. ಟೂಲು ಬರೀ ಉಜ್ಜುತ್ತಾ ನಿಂತ್ರೆ ಚಾಟರ್ ಹುಟ್ಟುತ್ತೆ, ಧೈರ್ಯವಾಗಿ ಒಂದೇ ಸಮ ಫೀಡ್ ಕೊಡ್ತಾ ಇರಿ.

ಮತ್ತೆ, ಈ ಕೊನೇ ಕಟ್ಟನ್ನ ಚಕ್‌ನಲ್ಲಿ ನೇರ ಹಿಡಿದು ಮಾಡಬೇಡಿ. ಒಂದು ತುಂಡು ರಾಡ್ ಚಕ್‌ಗೆ ಹಾಕಿ ಶಾಫ್ಟಿನ ಅಳತೆಗೆ ಟರ್ನ್ ಮಾಡಿ, ತುದಿಗೆ ಎಂ10 ಟ್ಯಾಪ್ ಹಾಕಿ. ಅದನ್ನ ಚಕ್‌ನಿಂದ ತೆಗೀದೇನೆ ರೋಲರ್ ತೂರಿಸಿ, ವಾಷರ್ ಬೋಲ್ಟಿನಲ್ಲಿ ಬಿಗಿದು ಎರಡೂ ರೋಲರ್ ಮುಗಿಸಿ. ತ್ರೀ ಜಾ ಚಕ್ಕಿನ ತಪ್ಪು ಎಷ್ಟಿದ್ರೂ ರೋಲರಿಗೆ ಬರಲ್ಲ, ಯಾಕಂದ್ರೆ ಆ ರಾಡು ಅಲ್ಲೇ ದುಂಡಾಗಿದ್ದು.

ಕುಂದಾನಗರಿ, ಬೆಳಗಾವಿ

ಟರ್ನರ್ ಸರ್ ಹೇಳಿದ್ದು ಎಲ್ಲಾ ಬರೋಬ್ಬರಿ ಐತ್ರಿ. ನಂದೊಂದು ಮಾತು ಫ್ರೇಮಿನ ಬಗ್ಗೆ. ಶಿಮ್ ಹಾಕೂ ಮೊದಲ ಒಂದು ಸಲ ನೋಡ್ರಿ. ತಗಡ ಇಲ್ಲದಾಗ ಗಂಡು ಹೆಣ್ಣಿನ ನಡುವ ಎರಡೂ ಕಡೆ ಸಂದು ಎಷ್ಟೈತಿ, ತಗಡ ಹಾಕಿ ಒತ್ತಿದಾಗ ಎಷ್ಟೈತಿ ಅಂತ. ಖಾಲಿ ಇದ್ದಾಗ ಸಮ ಇದ್ದು, ಒತ್ತಿದಾಗ ಒಂದ ಕಡೆ ಸರಿದರ ಶಿಮ್ಮಿನಿಂದ ಆಗೂದಿಲ್ಲ. ಫ್ರೇಮ ತಿರುಚಾಕತ್ತೈತಿ ಅಂತ ಅರ್ಥ. 12 ಎಂಎಂ ಪ್ಲೇಟ್ ಮೇಲ ಕೆಳಗ ಗಟ್ಟಿ, ಅಡ್ಡ ಮಗ್ಗಲಿಗೆ ಗಟ್ಟಿ ಇರೂದಿಲ್ಲ. ಬೆನ್ನಿಗೆ ಒಂದು 50 ಎಂಎಂ ಪಟ್ಟಿ ನೆಟ್ಟಗ ನಿಲ್ಲಿಸಿ ಎರಡೂ ತೋಳಿನುದ್ದಕ್ಕ ವೆಲ್ಡ್ ಹೊಡೀರಿ. ಒಂದ ಕಡೆ ಪೂರ್ತಿ ಹೊಡೀಬ್ಯಾಡ್ರಿ, ಫ್ರೇಮ ಎಳಕೊಂಡ ಬಿಡತೈತಿ. ಒಂದೊಂದು ಇಂಚು, ಈ ಮಗ್ಗಲ ಆ ಮಗ್ಗಲ.

ಹಾರ್ಡನಿಂಗ್ ಬಗ್ಗೆ ಯಾರರ ಹೇಳತಾರ ಅಂತ ಮೊದಲ ಹೇಳಿಬಿಡತೀನಿ. ಎಂಎಸ್ ರೋಲರ್ ಕಾಸಿ ನೀರಾಗ ಹಾಕಿದರ ಗಟ್ಟಿ ಆಗೂದಿಲ್ಲ, ಅದರಾಗ ಕಾರ್ಬನ್ ಭಾಳ ಕಮ್ಮಿ. ಒಂದ ಜೀಪಿಗೆ ಎಂಎಸ್ಸೇ ಸಾಕ್ರಿ. ದಿನಾ ಕೆಲಸ ಮಾಡೂದಿದ್ದರ ಮುಂದಿನ ಜೋಡಿ ಇಎನ್8ನಾಗ (ಕಾರ್ಬನ್ ಜಾಸ್ತಿ ಇರೂ ಸ್ಟೀಲ್) ಮಾಡ್ರಿ. ಸ್ಟೇನ್‌ಲೆಸ್ ತಗಡ ಮಾತ್ರ ಎಂಎಸ್ ರೋಲರಿಗೆ ಹಚ್ಚಬ್ಯಾಡ್ರಿ, ಮೂಗಿಗೆ ಅಂಟಕೊಂಡು ಕಿತ್ತುಕೊಂಡ ಬರತೈತಿ.

ಮಲೆನಾಡಜೀಪ್, ಸಕಲೇಶಪುರ

ಎರಡು ಅನುಮಾನ ಸರ್. ಮೂಗಿಗೆ ಎಮರಿ ಪೇಪರ್ ಎಷ್ಟು ನಂಬರಿನದು? ಇನ್ನೊಂದು, ಗುಜರಿಯಲ್ಲಿ ಹಳೇ 6305 ಬೇರಿಂಗ್ ಸುಮಾರು ಇದ್ದವು. ಅದರ ಹೊರ ರಿಂಗನ್ನೇ ತಂದು ಲೇತ್‌ನಲ್ಲಿ ಕೆತ್ತಿ ರೋಲರ್ ಮಾಡಬಹುದಾ? ಅದು ಗಟ್ಟಿ ಸ್ಟೀಲು ಅಂತ ಕೇಳಿದ್ದೆ.

ಹಳೇಟರ್ನರ್, ಪೀಣ್ಯ

220, 400, 600. ಎಮರಿಯನ್ನ ಬೆರಳಿಗೆ ಸುತ್ಕೊಂಡು ತಿರುಗೋ ಜಾಬಿಗೆ ಹಿಡೀಬೇಡಿ. ಮರದ ಪಟ್ಟಿಗೆ ಸುತ್ತಿ, ಮೇಲಿನಿಂದ ಒತ್ತಿ. ಗ್ಲೌಸ್ ಬೇಡ, ಉದ್ದ ತೋಳಿನ ಶರ್ಟ್ ಬೇಡ. ನಾನು ಕೆಲಸ ಕಲಿತ ಕಡೆ ಒಬ್ಬ ಹುಡುಗನ ಗ್ಲೌಸ್ ಹೀಗೇ ಎಮರಿ ಜೊತೆ ಸುತ್ತಿಕೊಂಡು ಹೋಯ್ತು. ಅವನಿಗೆ ಇವತ್ತಿಗೂ ಎರಡು ಬೆರಳು ಮಡಚೋಕೆ ಆಗಲ್ಲ. ನೀವು ಮನೇಲಿ ಒಬ್ಬರೇ ಕೆಲಸ ಮಾಡ್ತೀರಿ, ಅದಕ್ಕೇ ಒತ್ತಿ ಹೇಳ್ತಾ ಇದ್ದೀನಿ.

ಬೇರಿಂಗ್ ರಿಂಗ್ ಎಚ್‌ಎಸ್‌ಎಸ್ ಟೂಲಿಗೆ ಬಗ್ಗಲ್ಲ, ಟೂಲಿನ ತುದಿ ಹೋಗುತ್ತೆ. ಕೆತ್ತಬೇಡಿ. ಆದ್ರೆ ಎಸೆಯಲೂ ಬೇಡಿ. 6305ರ ಹೊರಮೈ 62 ಡಯಾ, 17 ಅಗಲ, ಗ್ರೈಂಡ್ ಆಗಿರೋ ನುಣುಪು. ಮುಂದೆ ಇಂಗ್ಲಿಷ್ ವೀಲ್ (ಎರಡು ಚಕ್ರದ ನಡುವೆ ತಗಡು ಹಿಗ್ಗಿಸೋ ಯಂತ್ರ) ಮಾಡಿದ್ರೆ ಕೆಳಗಿನ ಚಪ್ಪಟೆ ಚಕ್ರಕ್ಕೆ ಬೇರಿಂಗನ್ನ ಇದ್ದ ಹಾಗೇ ಹಾಕಬಹುದು. ಎರಡು ಅಂಚನ್ನ ಮಾತ್ರ ಕಲ್ಲಿನಲ್ಲಿ ಸ್ವಲ್ಪ ಮುರೀರಿ, ಇಲ್ಲದಿದ್ರೆ ತಗಡಿನ ಮೇಲೆ ಗೆರೆ ಬೀಳುತ್ತೆ.

ಮಲೆನಾಡಜೀಪ್, ಸಕಲೇಶಪುರ

ಹನ್ನೆರಡು ದಿನ ಆಯ್ತು, ಮಳೆಗೆ ಕರೆಂಟ್ ಇರಲಿಲ್ಲ. ಈಗ ಮುಗೀತು.

ಬುಷ್ ಮೊದಲನೇದು ಸಡಿಲ ಆಯ್ತು, ಎರಡನೇದು ವೈಸ್‌ನಲ್ಲಿ ಸರಿಯಾಗಿ ಕೂತ್ಕೊಂಡ್ತು. ಬೋರಿಗೆ ಶಾಫ್ಟ್ ತೂರಿಸಿದಾಗ ಒಳಗಿನ ಗಾಳಿ ಉಸ್ಸಂತ ಹೊರಗೆ ಬಂತು. ಡಯಲ್ ಈಗ ಗಂಡಿನ ಮೇಲೆ 0.04, ಹೆಣ್ಣಿನ ಮೇಲೆ 0.03. ಶಾಫ್ಟಿನದೇ 0.03 ಇರೋದ್ರಿಂದ ಇದಕ್ಕಿಂತ ಏನೂ ಬೇಡ ಅಂತ ಬಿಟ್ಟೆ.

60 ಆರ್‌ಪಿಎಮ್‌ನಲ್ಲಿ ಮೆಟ್ಟಿಲು ಇಳಿಸಿ ಫಾರ್ಮ್ ಟೂಲ್ ಹಿಡಿದಾಗ ಸದ್ದೇ ಇಲ್ಲ ಸರ್. ಕಬ್ಬಿಣದ ಚಿಪ್ಪು ತೆಂಗಿನಕಾಯಿ ತುರಿ ಹಾಗೆ ಉದುರಿತು. ಹಳೇ ಅಡ್ಡಗೆರೆ ಪೂರ್ತಿ ಹೋಗೋಕೆ ಮೂಗಿನ ತುದಿ 63.5ಕ್ಕೆ ಬಂತು, ಮೈಯನ್ನೂ ಅಷ್ಟೇ ಇಳಿಸಿದೆ.

ಕುಂದಾನಗರಿ ಸರ್ ಹೇಳಿದ್ದು ನನ್ನದರಲ್ಲಿ ನಿಜ ಆಯ್ತು. ಖಾಲಿ ಇದ್ದಾಗ ಸಂದು ಎರಡೂ ಕಡೆ ಸಮ, ತಗಡು ಒತ್ತಿದಾಗ 0.15 ಸರೀತಿತ್ತು. ಬೆನ್ನಿಗೆ ಪಟ್ಟಿ ವೆಲ್ಡ್ ಮಾಡಿದ ಮೇಲೆ ಅದು ಗೊತ್ತೇ ಆಗದಷ್ಟು ಕಮ್ಮಿ. ಉಬ್ಬು ಕೊಯ್ದು ನೋಡಿದೆ: ಪಕ್ಕ 1.12, 1.10. ಹ್ಯಾಂಡಲ್ ಸುತ್ತಿನ ಎಲ್ಲ ಕಡೆ ಒಂದೇ ಭಾರ.

ಈಗ ಹೊಸ ತೊಂದರೆ. ಪರೀಕ್ಷೆಗೆ 600 ಮಿ.ಮೀ ಉದ್ದದ ತಗಡಿಗೆ ನಾಲ್ಕು ಉಬ್ಬು ಎಳೆದೆ. ಉಬ್ಬು ಚೆನ್ನಾಗಿದೆ, ಆದ್ರೆ ತಗಡೇ ಹಪ್ಪಳದ ಹಾಗೆ ಸೊಟ್ಟ ಆಯ್ತು. ನೆಲದ ಮೇಲಿಟ್ರೆ ಎರಡು ಮೂಲೆ 15 ಮಿ.ಮೀ ಮೇಲೆ. ಇದೂ ಡೈ ತಪ್ಪಾ?

ಹಳೇಟರ್ನರ್, ಪೀಣ್ಯ

ಡೈ ತಪ್ಪಲ್ಲ. ಉಬ್ಬು ಆಗೋಕೆ ಬೇಕಾದ ತಗಡು ಎಲ್ಲಿಂದಾದ್ರೂ ಬರಬೇಕಲ್ಲ, ಎರಡು ಪಕ್ಕದಿಂದ ಎಳ್ಕೊಳ್ಳುತ್ತೆ. ಉಬ್ಬು ನಿಂತು ಹೋದ ತುದಿಯಿಂದಾಚೆ ಚಪ್ಪಟೆ ಭಾಗ ಹಾಗೇ ಅಗಲವಾಗಿ ಉಳಿಯುತ್ತೆ. ನಡುವೆ ಬಿಗಿ, ತುದಿಯಲ್ಲಿ ಸಡಿಲ. ಆ ಎಳೆದಾಟಕ್ಕೆ ತಗಡು ಸೊಟ್ಟಗಾಗೋದು.

ಎರಡು ಕೆಲಸ ಮಾಡಿ. ಉಬ್ಬು ಬರೋ ಗೆರೆಯುದ್ದಕ್ಕೂ ಮೊದಲೇ ತಗಡನ್ನ ಸ್ವಲ್ಪ ಹಿಗ್ಗಿಸಿ. ಇಂಗ್ಲಿಷ್ ವೀಲ್ ಇಲ್ಲ ಅಂದ್ರೆ ಮರಳಿನ ಚೀಲದ ಮೇಲೆ ಮರದ ಕೊಡತಿಯಲ್ಲಿ ಹಗುರವಾಗಿ ಹೊಡ್ಕೊಂಡು ಹೋಗಿ, ಗೆರೆಯ ಜಾಗ ಕಂಡೂ ಕಾಣದ ಹಾಗೆ ಹೊಟ್ಟೆ ಬಂದ್ರೆ ಸಾಕು. ಆಮೇಲೆ ಒಂದೇ ಪಾಸಿನಲ್ಲಿ ಪೂರ್ತಿ ಆಳಕ್ಕೆ ಹೋಗಬೇಡಿ. ನಾಲ್ಕೂ ಉಬ್ಬನ್ನ ಮೊದಲು ಒಂದೂವರೆ ಮಿ.ಮೀ ಆಳಕ್ಕೆ, ನಡುವಿನವು ಮೊದಲು, ಹೊರಗಿನವು ಆಮೇಲೆ. ನಾಲ್ಕೂ ಮುಗಿದ ಮೇಲೆ ಮತ್ತೆ ಅದೇ ಕ್ರಮದಲ್ಲಿ ಮೂರಕ್ಕೆ, ಮತ್ತೆ ಪೂರ್ತಿಗೆ. ಉಬ್ಬಿನ ಕೊನೆಯನ್ನ ಗಕ್ಕನೆ ನಿಲ್ಲಿಸಬೇಡಿ. ಕೊನೇ 20 ಮಿ.ಮೀ ಬಂದಾಗ ಮೇಲಿನ ಸ್ಕ್ರೂ ನಿಧಾನ ಸಡಿಲಿಸ್ತಾ ಹೊರಗೆ ಬನ್ನಿ.

ಇಷ್ಟು ಮಾಡಿದ ಮೇಲೂ ಸ್ವಲ್ಪ ಸೊಟ್ಟ ಉಳಿದ್ರೆ ಉಬ್ಬಿನ ಮೇಲೆ ಹೊಡೀಬೇಡಿ. ಬಿಗಿ ಇರೋ ಕಡೆಯ ಅಂಚನ್ನ ಅಡಿಗೆ ಡಾಲಿ (ಕೈಯಲ್ಲಿ ಹಿಡಿಯೋ ಕಬ್ಬಿಣದ ಗಟ್ಟಿ) ಇಟ್ಟು ಸುತ್ತಿಗೆಯಲ್ಲಿ ಹಿಗ್ಗಿಸಿ.

ಕುಂದಾನಗರಿ, ಬೆಳಗಾವಿ

ಮತ್ತ ತಗಡ ಅಳತಿಗೆ ಮೊದಲ ಕತ್ತರಿಸಬ್ಯಾಡ್ರಿ. ಉಬ್ಬು ಎಳದ ಮ್ಯಾಲೆ ಅಗಲ ಕಮ್ಮಿ ಆಗತೈತಿ. ಒಂದ ಇಂಚು ಸುತ್ತಲೂ ಜಾಸ್ತಿ ಇಟ್ಟು ಮಾಡಿ ಆಮ್ಯಾಲೆ ಕತ್ತರಿಸ್ರಿ.

ಮಲೆನಾಡಜೀಪ್, ಸಕಲೇಶಪುರ

ಮೂರು ಪಾಸಿನಲ್ಲಿ ಎಳೆದೆ, ನಡುವಿನಿಂದ ಹೊರಗೆ. ಮೂಲೆ ಎತ್ತಿದ್ದು 15ರಿಂದ 3 ಮಿ.ಮೀ.ಗೆ ಬಂತು. ಆ ಮೂರನ್ನ ಅಂಚು ಹೊಡೆದು ತೆಗೆದೆ. ಸುತ್ತಲೂ ಒಂದಿಂಚು ಬಿಟ್ಟದ್ದು ಒಳ್ಳೇದಾಯ್ತು, ಅಗಲದಲ್ಲಿ 9 ಮಿ.ಮೀ ಒಳಗೆ ಹೋಗಿತ್ತು.

ಡ್ರೈವರ್ ಕಡೆ ಫ್ಲೋರ್ ಇವತ್ತು ಸಂಜೆ ಚಾಸಿ ಮೇಲೆ ಇಟ್ಟು ನೋಡಿದ್ವಿ. ಅಪ್ಪ ಅದರ ಮೇಲೆ ನಿಂತು ಹಿಮ್ಮಡಿ ಒತ್ತಿದ್ರು, ತಗಡು ಅಲ್ಲಾಡಲಿಲ್ಲ. ನಾಳೆ ಪ್ರೈಮರ್ ಹೊಡೆದು ಇನ್ನೊಂದು ಕಡೆಯ ತಗಡು ಕತ್ತರಿಸ್ತೀನಿ.